ಹುಳುಕಡ್ಡಿಗೆ ಮೆಡಿಕಲ್ ಅಂಗಡಿಯ ಟ್ಯೂಬುಗಳು: ಯಾವುದನ್ನು ಕೊಳ್ಳಬಹುದು, ಯಾವುದನ್ನು ಕೌಂಟರಿನಲ್ಲೇ ಬಿಟ್ಟು ಬರಬೇಕು

‘ತೊಡೆಸಂದಿನ ತುರಿಕೆಗೆ ಏನಾದ್ರೂ ಕೊಡಿ’ ಎಂದು ಮೆಡಿಕಲ್ ಅಂಗಡಿಯಲ್ಲಿ ದನಿ ತಗ್ಗಿಸಿ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಮೂರು ಬಗೆಯ ಟ್ಯೂಬುಗಳಲ್ಲಿ ಒಂದು. ಫಂಗಸ್ಸನ್ನಷ್ಟೇ ಕೊಲ್ಲುವ ಒಂಟಿ ಔಷಧದ ಕ್ರೀಮು; ಸ್ಟೀರಾಯ್ಡ್, ಆಂಟಿಬಯಾಟಿಕ್, ಆಂಟಿಫಂಗಲ್ ಎಲ್ಲವನ್ನೂ ಒಂದೇ ಕಡೆ ತುಂಬಿದ ಮಿಶ್ರ ಕ್ರೀಮು; ಇಲ್ಲವೇ ಹಚ್ಚಿದ ಕೂಡಲೇ ಧಗಧಗ ಉರಿಯುವ ಹಳೇ ಕಾಲದ ಮುಲಾಮು. ಮೂರಕ್ಕೂ ಡಬ್ಬದ ಮೇಲೆ ಹೆಚ್ಚುಕಡಿಮೆ ಅದೇ ಚಿತ್ರ, ಅದೇ ಬಣ್ಣ. ಒಳಗಿರುವುದು ಮಾತ್ರ ಅಜಗಜಾಂತರ. ಇಲ್ಲಿ ಬ್ರ್ಯಾಂಡ್ ಹೆಸರು ಹಿಡಿದು ಅಂಕ ಕೊಡುತ್ತಿಲ್ಲ, ಏಕೆಂದರೆ ಒಂದೇ ಔಷಧ ಹತ್ತಾರು ಹೆಸರಿನಲ್ಲಿ ಸಿಗುತ್ತದೆ, ಮತ್ತು ಒಂದೇ ಹೆಸರಿನ ಹಿಂದೆ ಒಂದಕ್ಷರ ಸೇರಿಸಿದರೆ ಬೇರೆಯದೇ ಔಷಧವಾಗುತ್ತದೆ. ಟ್ಯೂಬಿನ ಹಿಂಬದಿ ಸಣ್ಣಕ್ಷರದಲ್ಲಿ ಬರೆದಿರುವುದನ್ನೇ ಇಲ್ಲಿ ತೂಗಿ ನೋಡಿದ್ದೇವೆ.

ದುಡ್ಡು ಬಿಚ್ಚುವ ಮೊದಲು, ಅದು ಹುಳುಕಡ್ಡಿಯೇ ಹೌದಾ ಎಂದು ನೋಡಿಕೊಳ್ಳಿ. ಗಜಕರ್ಣ ಎಂದರೂ ಹುಳುಕಡ್ಡಿ ಎಂದರೂ ಒಂದೇ. ಹೆಸರಿನಲ್ಲಿ ಹುಳು ಇದ್ದರೂ ಚರ್ಮದಲ್ಲಿ ಹುಳು ಇಲ್ಲ, ಇರುವುದು ಶಿಲೀಂಧ್ರ. ಬಳೆಯ ಹಾಗೆ ದುಂಡಗೆ ಹರಡುತ್ತದೆ. ಅಂಚು ಉಬ್ಬಿ, ಕೆಂಪಾಗಿ, ಹೊಟ್ಟು ಏಳುತ್ತಿರುತ್ತದೆ. ನಡುಭಾಗ ವಾಸಿಯಾದಂತೆ ತಿಳಿಯಾಗಿರುತ್ತದೆ. ಬೆವರಿದರೆ ತುರಿಕೆ ಜೋರು. ಬೆರಳ ಸಂದುಗಳಲ್ಲಿ ರಾತ್ರಿ ಹೊತ್ತು ತುರಿಕೆ, ಮನೆಯ ಇನ್ನಿಬ್ಬರಿಗೂ ಅದೇ ಕಾಟ ಎಂದರೆ ಅದು ಕಜ್ಜಿ, ಅದಕ್ಕೆ ಪರ್ಮೆಥ್ರಿನ್ ಬೇಕು. ಎದೆ ಬೆನ್ನಿನ ಮೇಲೆ ಅಷ್ಟಾಗಿ ತುರಿಸದ ಬಿಳಿಚು ಮಚ್ಚೆಗಳಾದರೆ ಚಿಬ್ಬು. ಮೊಣಕೈ, ಮೊಣಕಾಲು, ನೆತ್ತಿಯಲ್ಲಿ ದಪ್ಪ ಬೆಳ್ಳಿಬಣ್ಣದ ಹೊಟ್ಟು ಕಂಡರೆ ಸೋರಿಯಾಸಿಸ್ ಇರಬಹುದು. ದುಂಡಗೇ ಇದ್ದರೂ ನಡುಭಾಗವೂ ಒಡೆದು ನೀರು ಜಿನುಗುತ್ತಿದ್ದರೆ ಇಸುಬು. ಮಚ್ಚೆಯ ಮೇಲೆ ಹತ್ತಿಯ ಎಳೆ ಸವರಿದರೂ ಗೊತ್ತಾಗದಿದ್ದರೆ ಯಾವ ಟ್ಯೂಬನ್ನೂ ಕೊಳ್ಳದೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ: ಅದು ಕುಷ್ಠದ ಲಕ್ಷಣ, ಚಿಕಿತ್ಸೆ ಅಲ್ಲಿ ಉಚಿತ. ಅನುಮಾನ ಉಳಿದರೆ ಚರ್ಮದ ವೈದ್ಯರು ಅಂಚಿನ ಹೊಟ್ಟನ್ನು ಕೆರೆದು, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಫಂಗಸ್ಸಿನ ಎಳೆಗಳು ಅಲ್ಲೇ ಕಾಣುತ್ತವೆ. ಒಂದೆರಡು ಟ್ಯೂಬಿನ ದುಡ್ಡಿನಲ್ಲಿ ಆಗುವ ಕೆಲಸ.

ಮಿಶ್ರ ಕ್ರೀಮು: ಐದಕ್ಕೆ ಸೊನ್ನೆ

ಬೇಡಿಕೆಯಲ್ಲಿ ಇದನ್ನು ಮೀರಿಸಿದ ಸರಕಿಲ್ಲ, ಕೆಡುಕಿನಲ್ಲೂ ಇದನ್ನು ಮೀರಿಸಿದ್ದಿಲ್ಲ. ಕ್ಲೋಬೆಟಾಸೋಲ್ ಎಂಬ ಸ್ಟೀರಾಯ್ಡ್ ಜೊತೆ ನಿಯೋಮೈಸಿನ್ ಎಂಬ ಆಂಟಿಬಯಾಟಿಕ್, ಮೈಕೊನಜೋಲ್ ಎಂಬ ಆಂಟಿಫಂಗಲ್. ಅಥವಾ ಕ್ಲೋಬೆಟಾಸೋಲ್, ಒಫ್ಲಾಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್ ಎಂಬ ನಾಲ್ಕರ ಕೂಟ. ಅಥವಾ ಬೆಕ್ಲೋಮೆಥಸೋನ್, ಕ್ಲೋಟ್ರಿಮಜೋಲ್, ಜೆಂಟಾಮೈಸಿನ್. ಒಳಗಿನ ಜೋಡಿಗಳು ಬದಲಾದರೂ ಹೂರಣ ಅದೇ. ಆರ್ನಿಡಜೋಲ್ ಎಂದರೆ ಆಮಶಂಕೆ ಬೇಧಿಗೆ ನುಂಗಿಸುವ ಔಷಧ. ಅದಕ್ಕೆ ತೊಡೆಸಂದಿನ ಫಂಗಸ್ಸಿನಲ್ಲಿ ಏನು ಕೆಲಸ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ಜನ ಇದನ್ನೇ ಮತ್ತೆ ಮತ್ತೆ ಕೇಳಿ ಒಯ್ಯಲು ಕಾರಣವಿದೆ. ಹಚ್ಚಿದ ಎರಡು ಮೂರು ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಆದರೆ ನಿಲ್ಲಿಸಿದ್ದು ಸ್ಟೀರಾಯ್ಡ್, ಆಂಟಿಫಂಗಲ್ ಅಲ್ಲ. ತುರಿಕೆಯೂ ಕೆಂಪೂ ಫಂಗಸ್ಸಿನ ವಿರುದ್ಧ ದೇಹ ಮಾಡುವ ಗಲಾಟೆ. ಸ್ಟೀರಾಯ್ಡ್ ಆ ಗಲಾಟೆಯನ್ನು ಅಡಗಿಸುತ್ತದೆ. ಕಾವಲುಗಾರನನ್ನು ಮಲಗಿಸಿದ ಮೇಲೆ ಕಳ್ಳನಿಗೆ ಯಾರ ಹಂಗು? ಐದನೇ ದಿನ ‘ವಾಸಿಯಾಯ್ತು’ ಎಂದು ಬಿಡುತ್ತಾರೆ. ಮತ್ತೆ ಹತ್ತು ದಿನಕ್ಕೆ ಅದೇ ಜಾಗದಲ್ಲಿ, ಈ ಸಲ ಇನ್ನಷ್ಟು ಅಗಲವಾಗಿ ಏಳುತ್ತದೆ. ಮತ್ತೆ ಅದೇ ಟ್ಯೂಬು. ನಾಲ್ಕಾರು ಸುತ್ತು ಹೀಗಾದ ಮೇಲೆ ಬಳೆಯೊಳಗೆ ಬಳೆ ಮೂಡುತ್ತದೆ, ಅಂಚು ಮಸುಕಾಗುತ್ತದೆ, ಪಳಗಿದ ಕಣ್ಣಿಗೂ ಇದು ಹುಳುಕಡ್ಡಿ ಎಂದು ತಕ್ಷಣ ಹೊಳೆಯುವುದಿಲ್ಲ. ಗುರುತು ಮರೆಸಿಕೊಂಡ ಈ ರೂಪಕ್ಕೆ 1968ರಲ್ಲೇ ಬ್ರಿಟನ್ನಿನ ವೈದ್ಯರು ‘ಟೀನಿಯಾ ಇನ್‌ಕಾಗ್ನಿಟೋ’ ಎಂದು ಹೆಸರಿಟ್ಟಿದ್ದರು. ಅರ್ಧ ಶತಮಾನ ಕಳೆದ ಮೇಲೂ ಅದು ನಮ್ಮಲ್ಲಿ ದಿನನಿತ್ಯದ ಮಾತು.

ಕ್ಲೋಬೆಟಾಸೋಲ್ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳಲ್ಲಿ ಅತಿ ಪ್ರಬಲ ಗುಂಪಿಗೆ ಸೇರಿದ್ದು. ಅಂಗೈ, ಅಂಗಾಲಿನ ದಪ್ಪ ಚರ್ಮದ ಇಸುಬಿಗೆ, ಸೋರಿಯಾಸಿಸ್ಸಿಗೆ ವೈದ್ಯರ ಲೆಕ್ಕದಲ್ಲಿ ಹಚ್ಚಿದರೆ ಅದು ಒಳ್ಳೆಯ ಔಷಧವೇ. ಸ್ಟೀರಾಯ್ಡ್ ಎಂದ ಮಾತ್ರಕ್ಕೆ ವಿಷವಲ್ಲ, ಜಾಗ ತಪ್ಪಿದೆ ಅಷ್ಟೆ. ತೊಡೆಸಂದಿನ ಚರ್ಮ ತೆಳು, ಮಡಿಕೆಯೊಳಗೆ ಸದಾ ಬೆವರು, ಮೇಲೆ ಬಿಗಿ ಚಡ್ಡಿ. 1967ರಲ್ಲಿ ಹೈಡ್ರೋಕಾರ್ಟಿಸೋನ್ ಹಚ್ಚಿ ಅಳೆದಾಗ, ಮುಂಗೈ ಚರ್ಮ ಹೀರಿದ್ದಕ್ಕಿಂತ 42 ಪಟ್ಟು ಹೆಚ್ಚು ವೃಷಣದ ಚರ್ಮ ಹೀರಿತ್ತು. ಅಂಥ ಕಡೆ ಅತಿ ಪ್ರಬಲವಾದದ್ದನ್ನು ದಿನಕ್ಕೆರಡು ಸಲ ತಿಂಗಳುಗಟ್ಟಲೆ ಉಜ್ಜಿದರೆ ಒಳತೊಡೆಯಲ್ಲಿ ಅಡ್ಡಡ್ಡ ಕೆಂಪು ಬಿರುಕುಗೆರೆ ಬೀಳುತ್ತವೆ. ಬಸುರಿನ ಗೆರೆಗಳಂತೆಯೇ, ಬಣ್ಣ ಮಾಸಬಹುದು, ಗೆರೆ ಹೋಗುವುದಿಲ್ಲ. ಮುಖಕ್ಕೆ ಹಚ್ಚಿದವರಿಗೆ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಂಡು, ಬಿಟ್ಟರೆ ಉರಿ, ಹಚ್ಚಿದರೆ ಶಮನ ಎಂಬ ಚಟವೇ ಅಂಟುತ್ತದೆ. ಕೂಡಿಬಂದ ನಿಯೋಮೈಸಿನ್ ಕೆಲವರಿಗೆ ಅಲರ್ಜಿ ತರುವುದು ಬೇರೆ ಕಥೆ.

ಕಾನೂನು ಸುಮ್ಮನೆ ಕೂತಿಲ್ಲ. 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಹಚ್ಚುವ ಸ್ಟೀರಾಯ್ಡುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 328 ಮಿಶ್ರ ಔಷಧಗಳನ್ನು ನಿಷೇಧಿಸಿತು; ಚರ್ಮದ ಕೆಲವು ಮಿಶ್ರ ಕ್ರೀಮುಗಳೂ ಆ ಪಟ್ಟಿಯಲ್ಲಿದ್ದವು. ಆದರೂ ‘ಚೀಟಿ ಎಲ್ಲಿ’ ಎಂದು ಕೇಳುವ ಕೌಂಟರುಗಳು ಕಡಿಮೆ.

ಹಾಗಾಗಿ ಓದುವ ಕೆಲಸ ಕೊಳ್ಳುವವರದ್ದೇ. ಹೆಸರು ‘ಸೋನ್’ ಎಂದು ಮುಗಿದರೆ ಸ್ಟೀರಾಯ್ಡ್: ಬೀಟಾಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್, ಡೆಕ್ಸಾಮೆಥಸೋನ್. ಫ್ಲುಒಸಿನೊಲೋನ್, ಟ್ರಯಾಮ್ಸಿನೊಲೋನ್ ಕೂಡ ಅದೇ ಬಳಗ. ಹೆಚ್ಚು ಜನ ಎಡವುವುದು ಕ್ಲೋಬೆಟಾಸೋಲ್ ಮತ್ತು ಕ್ಲೋಟ್ರಿಮಜೋಲ್ ನಡುವೆ. ಎರಡೂ ‘ಕ್ಲೋ’ ಎಂದೇ ಶುರು, ಬಾಯಲ್ಲಿ ಹೇಳುವಾಗ ಕೊನೆಯೂ ಒಂದೇ ತರ ಕೇಳುತ್ತದೆ. ಟ್ಯೂಬಿನ ಮೇಲಿನ ಇಂಗ್ಲಿಷ್ ಕಾಗುಣಿತ ನೋಡಿ: ಕೊನೆಯ ತುಂಡಿನಲ್ಲಿ ‘ಝಡ್’ ಅಕ್ಷರವಿದ್ದರೆ ಅದು ಆಂಟಿಫಂಗಲ್, ‘ಎಸ್’ ಇದ್ದರೆ ಸ್ಟೀರಾಯ್ಡ್. ಹಚ್ಚುವ ಆಂಟಿಫಂಗಲ್ ಹೆಚ್ಚಾಗಿ ಶೇ. 1 ಅಥವಾ ಶೇ. 2 ಇರುತ್ತದೆ, ಕ್ಲೋಬೆಟಾಸೋಲ್ ಶೇ. 0.05. ಅಂಕಿ ಸಣ್ಣದೆಂದು ಔಷಧ ಸೌಮ್ಯ ಅಂದುಕೊಳ್ಳಬೇಡಿ, ಇಲ್ಲಿ ಲೆಕ್ಕ ಉಲ್ಟಾ. ಇನ್ನೂ ಸುಲಭದ ಪರೀಕ್ಷೆ: ಹಿಂಬದಿಯಲ್ಲಿ ಒಂದಕ್ಕಿಂತ ಹೆಚ್ಚು ಔಷಧದ ಹೆಸರಿದ್ದರೆ ವಾಪಸ್ ಕೊಡಿ.

ಒಂಟಿ ಔಷಧದ ಕ್ರೀಮುಗಳು

ಕ್ಲೋಟ್ರಿಮಜೋಲ್ ಶೇ. 1: ಹಳೆಯದು, ಅಗ್ಗ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಗರ್ಭಿಣಿಯರಿಗೆ ಹಚ್ಚಲು ವೈದ್ಯರು ಹೆಚ್ಚಾಗಿ ಆಯ್ದುಕೊಳ್ಳುವುದೂ ಇದನ್ನೇ. ಹೊಸದಾಗಿ ಎದ್ದ ಒಂದೆರಡು ಬಳೆಗಳಿಗೆ ಈಗಲೂ ಸಾಕು. ತೊಂದರೆ ಎಂದರೆ ದಿನಕ್ಕೆರಡು ಸಲ ಹಚ್ಚಬೇಕು, ನಾಲ್ಕು ವಾರ ಹಿಡಿಯುತ್ತದೆ, ಮೊದಲ ವಾರ ತುರಿಕೆ ಅಷ್ಟೇನೂ ಇಳಿಯುವುದಿಲ್ಲ. ಮಿಶ್ರ ಕ್ರೀಮಿನ ವೇಗಕ್ಕೆ ಒಗ್ಗಿದವರು ಇದನ್ನು ‘ಕೆಲಸ ಮಾಡ್ತಿಲ್ಲ’ ಎಂದು ಎಸೆಯುವುದು ಆ ಮೊದಲ ವಾರದಲ್ಲೇ. ಐದಕ್ಕೆ ಮೂರೂವರೆ.

ಲುಲಿಕೊನಜೋಲ್ ಶೇ. 1 ದಿನಕ್ಕೊಮ್ಮೆ ಸಾಕು, ಚರ್ಮದ ಮೇಲ್ಪದರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಮೈ ಮತ್ತು ತೊಡೆಸಂದಿಗೆ ಒಂದು ವಾರ, ಕಾಲ್ಬೆರಳ ಸಂದಿಗೆ ಎರಡು ವಾರ ಎಂದು ಬರೆದಿದ್ದರು. ಆ ಒಂದು ವಾರದ ಲೆಕ್ಕವನ್ನು ಇಲ್ಲಿ ನಂಬಿ ಕೂತರೆ ಕೆಟ್ಟೆವು. ನಮ್ಮಲ್ಲಿ ಹರಡಿರುವ ಹಟಮಾರಿ ಫಂಗಸ್ಸಿಗೆ ಚರ್ಮವೈದ್ಯರು ನಾಲ್ಕು ವಾರಕ್ಕಿಂತ ಕಡಿಮೆ ಬರೆಯುವುದು ಅಪರೂಪ. ಬೆಲೆ ಕ್ಲೋಟ್ರಿಮಜೋಲ್‌ಗಿಂತ ಬಹಳ ಹೆಚ್ಚು, ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಏರುಪೇರೂ ವಿಪರೀತ, ಆದ್ದರಿಂದ ಎಂಆರ್‌ಪಿಯನ್ನು ಗ್ರಾಂನಿಂದ ಭಾಗಿಸಿ ನೋಡಿ. ದಿನಕ್ಕೊಮ್ಮೆ ಎಂಬ ಅನುಕೂಲಕ್ಕೇ ನಾಲ್ಕು ಅಂಕ ಕೊಡಬಹುದು. ಹಾಸ್ಟೆಲ್ಲು, ಪಿಜಿಯಲ್ಲಿ ಇರುವವರಿಗೆ ದಿನಕ್ಕೆರಡು ಸಲ ಬಟ್ಟೆ ಕಳಚಿ ಹಚ್ಚಿಕೊಳ್ಳುವ ಏಕಾಂತ ಎಲ್ಲಿ ಸಿಗಬೇಕು?

ಟರ್ಬಿನಾಫಿನ್ ಒಂದು ಕಾಲದ ರಾಜ. ಈಗ ನಮ್ಮ ದೇಶದಲ್ಲಿ ಅದರ ಮಾತು ನಡೆಯುವುದು ಕಡಿಮೆ. ಕಾರಣ, ಈ ಔಷಧ ತಡೆಯಬೇಕಾದ ಕಿಣ್ವದ ವಂಶವಾಹಿಯಲ್ಲೇ ಬದಲಾವಣೆ ಮಾಡಿಕೊಂಡ ಫಂಗಸ್. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಸಿಕ್ಕ ಮಾದರಿಗಳನ್ನು ನೋಡಿ ಅದಕ್ಕೆ ‘ಟ್ರೈಕೊಫೈಟಾನ್ ಇಂಡೊಟೀನಿಯೇ’ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಸೇರಿಕೊಂಡಿತು, ಹೆಮ್ಮೆಪಡುವ ವಿಷಯವೇನಲ್ಲ. 2023ರಲ್ಲಿ ನ್ಯೂಯಾರ್ಕಿನ ಇಬ್ಬರಲ್ಲಿ ಅದು ಪತ್ತೆಯಾದದ್ದನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ವರದಿ ಮಾಡಿತು. ಹೊರದೇಶದಲ್ಲಿರುವ ಕನ್ನಡಿಗರು ಊರಿಗೆ ಬಂದು ಹೋದ ಮೇಲೆ ಬಳೆ ಎದ್ದರೆ, ಅಲ್ಲಿನ ವೈದ್ಯರಿಗೆ ಭಾರತಕ್ಕೆ ಹೋಗಿಬಂದದ್ದನ್ನು ತಪ್ಪದೆ ಹೇಳಿ. ಟರ್ಬಿನಾಫಿನ್ ಬರೆದು ತಿಂಗಳು ಕಾಯುವುದು ತಪ್ಪಬಹುದು.

ಕೀಟೊಕೊನಜೋಲ್ ಶೇ. 2, ಸರ್ಟಾಕೊನಜೋಲ್ ಶೇ. 2, ಸೈಕ್ಲೊಪಿರಾಕ್ಸ್ ಶೇ. 1, ಅಮೊರಾಲ್ಫಿನ್ ಶೇ. 0.25 ಕೂಡ ಕಪಾಟಿನಲ್ಲಿವೆ. ಎಲ್ಲವೂ ಬಳಸಬಹುದಾದವೇ. ಒಂದರಿಂದ ಒಂದಕ್ಕೆ ವಾರವಾರ ಜಿಗಿಯುವುದು ಮಾತ್ರ ದಂಡ.

ರೂಪವನ್ನೂ ನೋಡಿ ಕೊಳ್ಳಿ. ಮಡಿಕೆಗಳಿಗೆ ಕ್ರೀಮು, ಕೂದಲಿರುವ ಎದೆಗೆ ಲೋಷನ್. ಒಡೆದ ಚರ್ಮಕ್ಕೆ ಆಲ್ಕೊಹಾಲ್ ಇರುವ ಜೆಲ್ ಬೇಡ, ಕಣ್ಣಲ್ಲಿ ನೀರು ಬರುತ್ತದೆ. ಜಿಡ್ಡಿನ ಮುಲಾಮು ತೊಡೆಸಂದಿನಲ್ಲಿ ಬೆವರನ್ನು ಕಟ್ಟಿಹಾಕುತ್ತದೆ.

ಎಷ್ಟು ಬೇಕು, ಹೇಗೆ ಹಚ್ಚಬೇಕು

ಸರಿಯಾದ ಕ್ರೀಮು ಕೊಂಡವರೂ ಸೋಲುವುದು ಇಲ್ಲಿ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಈಗ ಲೆಕ್ಕ ಹಾಕಿ. ಎರಡು ಅಂಗೈ ಅಗಲದ ಹುಳುಕಡ್ಡಿಗೆ ಕ್ಲೋಟ್ರಿಮಜೋಲ್ ದಿನಕ್ಕೆ ಒಂದು ಗ್ರಾಂ. ವಾಸಿಯಾಗಲು ನಾಲ್ಕು ವಾರ, ಆಮೇಲೆ ಎರಡು ವಾರ, ಒಟ್ಟು 42 ಗ್ರಾಂ. 15 ಗ್ರಾಂನ ಮೂರು ಟ್ಯೂಬು. ಜನ ಒಯ್ಯುವುದು ಒಂದು ಟ್ಯೂಬು, ಅದೂ ಮುಗಿಯುವ ಮೊದಲೇ ಬಾತ್ರೂಮಿನ ಕಿಟಕಿಯಲ್ಲಿ ಒಣಗುತ್ತದೆ. ಲುಲಿಕೊನಜೋಲ್ ಆದರೆ ಅದೇ ಜಾಗಕ್ಕೆ 21 ಗ್ರಾಂ. ಹುಳುಕಡ್ಡಿ ತೊಡೆಸಂದು, ಪೃಷ್ಠ, ಸೊಂಟ ಎಲ್ಲ ಸೇರಿ ಹತ್ತು ಅಂಗೈ ಅಗಲವಾಗಿದ್ದರೆ ಒಂದು ಸಲಕ್ಕೇ ಎರಡೂವರೆ ಗ್ರಾಂ ಬೇಕು, ದಿನಕ್ಕೊಮ್ಮೆ ಹಚ್ಚಿದರೂ 30 ಗ್ರಾಂ ಟ್ಯೂಬು ಹನ್ನೆರಡು ದಿನಕ್ಕೆ ಖಾಲಿ. ಅಷ್ಟು ಹರಡಿದ ಮೇಲೆ ಬರೀ ಕ್ರೀಮಿನಲ್ಲಿ ಗೆಲ್ಲಲು ನೋಡಬೇಡಿ, ಮಾತ್ರೆ ಬೇಕು, ಎಂದರೆ ವೈದ್ಯರು ಬೇಕು.

ಹಚ್ಚುವಾಗ ಕೈ ತಾನಾಗಿ ಬಳೆಯ ನಡುವಿಗೇ ಹೋಗುತ್ತದೆ. ಫಂಗಸ್ ಇರುವುದು ಅಲ್ಲಲ್ಲ. ಅದು ನಡುವಿನಿಂದ ಹೊರಟು ಅಂಚಿಗೆ ಸೇರಿದೆ, ಅಂಚಿನ ಆಚೆಗೂ ಕಣ್ಣಿಗೆ ಕಾಣದಂತೆ ಕಾಲಿಟ್ಟಿದೆ. ಆದ್ದರಿಂದ ಅಂಚಿನಿಂದ ಎರಡು ಸೆಂಟಿಮೀಟರ್ ಹೊರಗೆ ಶುರುಮಾಡಿ ಒಳಕ್ಕೆ ಎಳೆಯಿರಿ. ಒಳಗಿನಿಂದ ಹೊರಗೆ ಉಜ್ಜಿದರೆ ಹೊಟ್ಟನ್ನು ಹೊಸ ಜಾಗಕ್ಕೆ ನೀವೇ ಬಿತ್ತಿದಂತೆ. ಸ್ನಾನವಾದ ಮೇಲೆ ಒತ್ತಿ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಟ್ಟು, ಒಣಗಿದ ಮೇಲೆ ತೆಳ್ಳಗೆ ಹಚ್ಚಿ. ಬೆಳ್ಳಗೆ ಕಾಣುವಷ್ಟು ಮೆತ್ತಿದರೆ ಅದು ಚಡ್ಡಿಗೆ ಸೇರುತ್ತದೆ. ಕೈ ಸೋಪಿನಿಂದ ತೊಳೆಯಿರಿ. ಕಾಲ್ಬೆರಳ ಸಂದು ಬೆಳ್ಳಗೆ ನೆನೆದಂತಿದ್ದರೆ ಅಲ್ಲಿಗೂ ಹಚ್ಚಿ; ಪಾದದ ಫಂಗಸ್ ಚಡ್ಡಿ ಏರಿಸುವಾಗ ತೊಡೆಸಂದಿಗೆ ಸವಾರಿ ಮಾಡುತ್ತದೆ. ಸಾಕ್ಸ್ ಮೊದಲು, ಚಡ್ಡಿ ಆಮೇಲೆ ಹಾಕಿಕೊಳ್ಳಿ ಎಂದು ಹೇಳುವುದು ಇದಕ್ಕೇ.

ಉರಿಯುವ ಮುಲಾಮು, ಪೌಡರು, ಸೋಪು

ಉರಿಯುವ ಮುಲಾಮುಗಳ ಮೂಲಪುರುಷ ವಿಟ್‌ಫೀಲ್ಡ್ ಮುಲಾಮು: ಬೆಂಜೊಯಿಕ್ ಆಮ್ಲ ಶೇ. 6, ಸ್ಯಾಲಿಸಿಲಿಕ್ ಆಮ್ಲ ಶೇ. 3. ಸ್ಯಾಲಿಸಿಲಿಕ್ ಆಮ್ಲ ಫಂಗಸ್ ಕೂತ ಸತ್ತ ಪದರವನ್ನೇ ಕಳಚಿಹಾಕುತ್ತದೆ. ಅಂಗಾಲು, ಅಂಗೈಯ ದಪ್ಪ ಚರ್ಮಕ್ಕೆ ಇದು ಇಂದಿಗೂ ಅಗ್ಗದ, ಮರ್ಯಾದಸ್ಥ ಔಷಧ. ತೊಡೆಸಂದು, ಕಂಕುಳು, ಮುಖ, ಮಕ್ಕಳ ಮೈಗೆ ಬೇಡವೇ ಬೇಡ. ‘ಉರಿದರೆ ಹುಳು ಸಾಯ್ತಿದೆ’ ಎನ್ನುವುದು ಸುಳ್ಳು, ಸಾಯುತ್ತಿರುವುದು ನಿಮ್ಮ ಚರ್ಮ. ಜಜ್ಜಿದ ಬೆಳ್ಳುಳ್ಳಿ ಕಟ್ಟಿದರೂ ಇದೇ ಗತಿ, ನೇರ ಬೊಬ್ಬೆ ಏಳುತ್ತದೆ. ಸೀಮೆ ಅಗಸೆಯ ಎಲೆಯನ್ನು ಹುಳುಕಡ್ಡಿಗೆ ಉಜ್ಜುವ ರೂಢಿ ಹಳೆಯದು, ಆ ಎಲೆಯಲ್ಲಿ ಸತ್ವ ಇಲ್ಲ ಅನ್ನಲಾಗದು. ಆದರೆ ಇವತ್ತಿನ ಹಟಮಾರಿ ಫಂಗಸ್ಸಿಗೆ ಅದನ್ನು ನೆಚ್ಚಿ ಕೂತರೆ ಹರಡಲು ಸಮಯ ಕೊಟ್ಟಂತೆ.

ಕ್ಲೋಟ್ರಿಮಜೋಲ್ ಪೌಡರು ಚಿಕಿತ್ಸೆಗಲ್ಲ, ವಾಸಿಯಾದ ಮೇಲೆ ಬೆವರು ಹೀರಲು. ಕ್ರೀಮಿನ ಮೇಲೆಯೇ ಸುರಿದುಕೊಂಡರೆ ಅಂಟು ಹಿಟ್ಟಾಗಿ ಉಜ್ಜಿ ಗಾಯವಾಗುತ್ತದೆ. ಕೀಟೊಕೊನಜೋಲ್ ಸೋಪು ಮೈಮೇಲೆ ಒಂದು ನಿಮಿಷವೂ ನಿಲ್ಲುವುದಿಲ್ಲ, ಅದರ ಬೆಲೆಯಲ್ಲಿ ಇನ್ನೊಂದು ಕ್ಲೋಟ್ರಿಮಜೋಲ್ ಟ್ಯೂಬು ಕೊಳ್ಳಿ.

ಮಾತ್ರೆ ಬರೆಸಿಕೊಂಡವರಿಗೆ

ಫಂಗಸ್ಸಿಗೆ ನುಂಗುವ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಅಂಗಡಿಯಲ್ಲಿ ಕೇಳಿ ತರುವ ವಸ್ತುವಲ್ಲ. ಹೃದಯ ವೈಫಲ್ಯ ಇರುವವರಿಗೆ ಕೊಡುವಂತಿಲ್ಲ, ಸಿಮ್ವಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆಗಳ ಜೊತೆ ಹೊಂದುವುದಿಲ್ಲ, ಗರ್ಭಿಣಿಯರಿಗೆ ಬೇಡ. ಬರೆಸಿಕೊಂಡವರು ಮಾಡುವ ದೊಡ್ಡ ತಪ್ಪು ಒಂದೇ: ಅದರ ಜೊತೆಗೆ ಗ್ಯಾಸ್ ಮಾತ್ರೆ. ಈ ಕ್ಯಾಪ್ಸೂಲ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಪ್ಯಾಂಟೊಪ್ರಜೋಲ್ ಆಮ್ಲವನ್ನೇ ನಿಲ್ಲಿಸುತ್ತದೆ, ದುಬಾರಿ ಕ್ಯಾಪ್ಸೂಲ್ ರಕ್ತ ಸೇರದೆ ಹೊರಗೆ ಹೋಗುತ್ತದೆ. ಹೊಟ್ಟೆ ತುಂಬ ಊಟವಾದ ಕೂಡಲೇ ನುಂಗಿ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ವೈದ್ಯರಿಗೆ ಮೊದಲೇ ಹೇಳಿ. ಮೇಲಿಂದ ಮೇಲೆ ಮರುಕಳಿಸುತ್ತಿದ್ದರೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ.

ಈಗಾಗಲೇ ತಿಂಗಳುಗಟ್ಟಲೆ ಮಿಶ್ರ ಕ್ರೀಮು ಹಚ್ಚಿದವರು ಬಿಟ್ಟ ಮೊದಲ ಒಂದೆರಡು ವಾರ ತುರಿಕೆ ಹೆಚ್ಚುತ್ತದೆ. ಹೊಸ ಔಷಧ ಆಗಿಬರಲಿಲ್ಲ ಎಂದುಕೊಂಡು ಹಳೆಯದಕ್ಕೆ ಮರಳುವ ಘಳಿಗೆ ಅದೇ. ಆ ದಿನಗಳಿಗೆ ರಾತ್ರಿ ಹೊತ್ತಿಗೆ ತುರಿಕೆ ಇಳಿಸುವ ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಮುಖಕ್ಕೆ ಹಚ್ಚಿದ್ದರೆ ಬಿಡುವುದನ್ನೂ ಅವರ ಕೈಕೆಳಗೇ ಮಾಡಿ.

ಟ್ಯೂಬಿನಿಂದಾಗದ ಕೆಲಸವೂ ಇದೆ. ಟವೆಲ್ ಬೇರೆಯಿರಲಿ. ಒಳಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಸಬೇಡಿ. ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಬಿಸಿಲೆಲ್ಲಿ ಎಂದರೆ ಇಸ್ತ್ರಿ ಪೆಟ್ಟಿಗೆಯಿದೆ, ಹೊಲಿಗೆಯ ಮಡಿಕೆಗಳ ಮೇಲೆ ಒತ್ತಿ ಓಡಿಸಿ. ಜೀನ್ಸ್ ಬದಲು ಸಡಿಲ ಹತ್ತಿ ಬಟ್ಟೆ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ. ಇನ್ನು ಉಡಿದಾರ: ಸದಾ ಒದ್ದೆಯಾಗಿ ಸೊಂಟಕ್ಕೆ ಅಂಟಿಕೊಂಡಿರುವ ಕಪ್ಪು ನೂಲಿನ ಕೆಳಗೇ ಸಾಲಾಗಿ ಬಳೆ ಏಳುವುದು ತೀರಾ ಸಾಮಾನ್ಯ. ವಾಸಿಯಾಗುವ ತನಕ ಬಿಚ್ಚಿಡಿ, ಆಮೇಲೆ ಕಟ್ಟಲೇಬೇಕಿದ್ದರೆ ಹಳೆಯದನ್ನು ಬಿಟ್ಟು ಹೊಸ ನೂಲು, ಅಥವಾ ಬೆಳ್ಳಿಯದು.

ನಿಲ್ಲಿಸುವುದು ಯಾವಾಗ? ಅಂಚಿನ ಮೇಲೆ ಬೆರಳಾಡಿಸಿ. ಉಬ್ಬಿಲ್ಲ, ಹೊಟ್ಟಿಲ್ಲ, ತುರಿಕೆಯಿಲ್ಲ ಎಂದ ದಿನದಿಂದ ಎರಡು ವಾರ ಮುಂದುವರಿಸಿ ನಿಲ್ಲಿಸಿ. ಅಲ್ಲಿ ಉಳಿಯುವ ಕಂದು ಕಪ್ಪು ಕಲೆ ಫಂಗಸ್ ಅಲ್ಲ, ಉರಿಯೂತ ಬಿಟ್ಟುಹೋದ ಬಣ್ಣ. ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ. ಅದನ್ನು ಬಿಳುಪಾಗಿಸಲು ಅಂಗಡಿಯವರು ಕೊಡುವ ಟ್ಯೂಬಿನ ಹಿಂಬದಿಯನ್ನೂ ತಿರುಗಿಸಿ ಓದಿ. ಅದರಲ್ಲೂ ‘ಸೋನ್’ ಇರುವುದು ಹೆಚ್ಚು.